ಬೀದಿಯ ಆಚೆ ಬದಿಯಿಂದ

ಇಡಾರ್-ಓಬರ್‌ಸ್ಟೈನಿನಲ್ಲಿ ಕಲ್ಲಿಗೇನು ಬರ.
ಸೇತುವೆ ದಾಟಿದರೆ ಮೂರನೆಯದು ನನ್ನಂಗಡಿ,
ಬಾಗಿಲಿಗೆ ಗಂಟೆಯಿದೆ. ಅವಳಿಗದು ಕೇಳಿಸುವುದಿಲ್ಲವೆಂದು
ನನಗೆ ಹೊಳೆದದ್ದು ಅವಳು ಬಂದು ಹತ್ತು ನಿಮಿಷದ ಮೇಲೆ;
ಅಷ್ಟರಲ್ಲಿ ಹವೆಯ ಬಗ್ಗೆ, ಬಂಗಾರದ ದರದ ಬಗ್ಗೆ
ಅವಳ ಬೆನ್ನಿಗೆ ಒಂದು ಭಾಷಣ ಒಪ್ಪಿಸಿಯಾಗಿತ್ತು.

ಹಿಂದೆಯೇ ಫೋಲ್ಕ್‌ಮಾರ್ ಬಂದ, ಬಸ್ ಚಾಲಕನ ಸಮವಸ್ತ್ರದಲ್ಲಿ.
ಟಿಕೆಟ್ಟಿನ ಹಿಂದೆ ಗೀಚಿ ತಂದಿದ್ದ ಉಂಗುರದ ಚಿತ್ರ:
ಆರು ಮುಳ್ಳುಗಳ ನಡುವೆ ಎತ್ತರದಲ್ಲೊಂದು ವಜ್ರ,
ಉಂಗುರಕ್ಕಿಂತ ಹೆಚ್ಚಾಗಿ ದೀಪಸ್ತಂಭ.
ಮೂರು ವರ್ಷ ಉಳಿಸಿದ್ದೇನೆ ಎಂದ.
ಎಷ್ಟೆಂಬುದನ್ನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.
ಯಾರಿಗೆ ಕೇಳಿಸದಿರಲೆಂದೋ!

ನಾನು ವಜ್ರವನ್ನೇ ತೋರಿಸಿದೆ. ವ್ಯಾಪಾರ ವ್ಯಾಪಾರವೇ.
ಕಪ್ಪು ಬಟ್ಟೆಯ ಮೇಲೆ ಚಿಮಟದಿಂದ ಇಟ್ಟು
ತೂಕ, ಬಣ್ಣ, ಒಳಗಿನ ಮಚ್ಚೆ ಎಲ್ಲವನ್ನೂ
ಕಾಗದದಲ್ಲಿ ಬರೆದು ಕೊಟ್ಟೆ.
ಸ್ವಾಂಟ್ಯೆ ಓದಿದಳು. ಪೆನ್ನಿಗೆ ಕೈ ಚಾಚಿದಳು.
'ಇದು ತುಂಬ ಮಾತಾಡುತ್ತದೆ.'

ಆಮೇಲಿನದು ಅವಳೇ ಹೂಡಿದ ಪರೀಕ್ಷೆ.
ನನ್ನಲ್ಲಿ ಮೂರು ಒರೆಗಲ್ಲುಗಳಿವೆ, ಇಂಥದ್ದು ಒಂದೂ ಇಲ್ಲ.
ಹಸಿರು ಮೇಣದ ಮಾದರಿ ಉಂಗುರ ಬೆರಳಿಗೆ,
ಅದರ ನೆತ್ತಿಗೆ ಮೇಣದಲ್ಲೇ ಅಂಟಿಸಿದ ವಜ್ರ.
ಅವನನ್ನು ಬೀದಿಯ ಆಚೆ ಬದಿಗೆ,
ಬ್ರೆಡ್ಡಿನಂಗಡಿಯ ಮುಂದಕ್ಕೆ ಅಟ್ಟಿದಳು.
ನನ್ನ ಮೇಜಿನ ದೀಪ ತನ್ನತ್ತ ತಿರುಗಿಸಿಕೊಂಡು
ಕಿಟಕಿಯಲ್ಲಿ ನಿಂತು ಕೈಯಲ್ಲಿ ಏನೋ ಹೇಳಿದಳು.

ಅವನು ಕಣ್ಣು ಕಿರಿದು ಮಾಡಿದ. ಮತ್ತೆ ಹೇಳಿದಳು.
ತಲೆಯಾಡಿಸಿ ಒಳಗೆ ಹೋಗಿ
ಎರಡು ಬನ್ನು ಕೊಂಡು ಬಂದ.

ವಜ್ರ ಕಿತ್ತು ನೀಲಿ. ಸಿಲೋನಿನದು, ಒಳ್ಳೆಯ ಕಲ್ಲು.
'ಯಾವಾಗ?' ಎಂದನಂತೆ, ಬನ್ನು ಹಿಡಿದ ಕೈಯಲ್ಲೇ.
ಅವಳು ಗಡಿಯಾರದ ಸುದ್ದಿಯನ್ನೇ ಎತ್ತಿರಲಿಲ್ಲ.
ಕೆಂಪು. ಊಹೂಂ.
ಟೂರ್ಮಲಿನ್: ನಡುವೆ ಬಸ್ಸು ಅಡ್ಡ ಬಂತು, ಅವನದೇ ಕಂಪನಿಯದು,
ಲೆಕ್ಕಕ್ಕಿಲ್ಲವೆಂದು ಇನ್ನೊಮ್ಮೆ. ಊಹೂಂ.

ಕೈಯೇ ನಾಲಿಗೆಯಾದವರಿಗೆ ಬೆರಳ ಮೇಲಿನ ಮಿಂಚು
ಮಾತಿನ ನಡುವೆ ಯಾರೋ ಕೆಮ್ಮಿದ ಹಾಗೆ.
ನಲವತ್ತೊಂದು ವರ್ಷ ಬೆರಳನ್ನೇ ಅಳೆದ ನನಗೆ
ಗೊತ್ತಿರಲಿಲ್ಲ.
ನಾನು ನೋಡುತ್ತಿದ್ದದ್ದು ಸುತ್ತಳತೆ. ಗೆಣ್ಣು ದಪ್ಪವೋ,
ಬೇಸಿಗೆಯಲ್ಲಿ ಊದುತ್ತದೋ, ಅಷ್ಟೇ.

ಕೆಳಗಿನ ಖಾನೆಯಲ್ಲಿ ಈ ಬೆಟ್ಟದ್ದೇ ಒಂದು ಅಗೇಟ್ ಬಿದ್ದಿತ್ತು,
ಅಜ್ಜನ ಕಾಲದ್ದು. ಬೋರಲು ಮಲಗಿ
ನೀರಿಗೆ ತಿರುಗುವ ಸಾಣೆಯ ಮುಂದೆ ಆಯುಷ್ಯ ಸವೆಸಿದವನು
ಇದೊಂದನ್ನು ಅರ್ಧಕ್ಕೇ ಬಿಟ್ಟಿದ್ದ.
ಯಾಕೋ. ಊಟದ ಹೊತ್ತಾಗಿತ್ತೋ ಏನೋ.
ಬೂದಿ ಬಣ್ಣ, ನಡುವೆ ಹಾಲಿನಂಥ ಗೆರೆ, ಹೊಳಪಿಲ್ಲ;
ಬೆಲೆ ಹೇಳಲು ನನಗೇ ನಾಚಿಕೆ.
ಅವಳು ಕೆನ್ನೆಗೊತ್ತಿಕೊಂಡು ತಣ್ಣಗಿದೆಯೆಂದು ಭುಜ ಕುಗ್ಗಿಸಿದಳು,
ಮತ್ತೆ ಕಿಟಕಿಗೆ ಹೋದಳು.

ಈ ಸಲದ್ದು ಉದ್ದನೆಯ ಮಾತು.
ಎಲ್ಲೂ ಅವನ ಕಣ್ಣು ಕಿರಿದಾಗಲಿಲ್ಲ.
ಕಿವಿ ಕೆಂಪಾಯಿತು, ಬೀದಿಯಾಚೆಯಿಂದಲೂ ಕಾಣುವಷ್ಟು.
ಬನ್ನಿನ ಪೊಟ್ಟಣವನ್ನು ಕಾಲ ಬಳಿ ಇಟ್ಟ.
ಉತ್ತರಕ್ಕೆ ಎರಡೂ ಕೈ ಬೇಕಿತ್ತು.

ಏನಂದಳು, ಏನಂದ, ನಾನು ಕೇಳಲಿಲ್ಲ.
ಚೀಟಿಯಲ್ಲಿ ಬರೆದುಕೊಂಡೆ: ಎತ್ತರ ಬೇಡ, ಮುಳ್ಳು ಬೇಡ,
ಅಂಚು ಮಡಿಸಿ ಹರಳನ್ನು ಹೂಳಬೇಕು.
ಬಂಗಾರಕ್ಕೂ ಮೆರುಗಿಲ್ಲ, ಮರಳಲ್ಲಿ ಉಜ್ಜಿ ಮಂಕು ಮಾಡುವುದು.
ಅಜ್ಜ ಬಿಟ್ಟ ಅರ್ಧ ನಾನು ಸವೆಸಬೇಕು.
ನಾಲ್ಕು ವಾರ. ಮುಂಗಡ ನೂರು ಯೂರೋ.

ಮಿಕ್ಕ ಹಣದಲ್ಲಿ ಅಡುಗೆಮನೆಗೆ ಒಳ್ಳೆಯ ದೀಪ ಹಾಕಿಸುತ್ತೇವೆ
ಎಂದ ಫೋಲ್ಕ್‌ಮಾರ್, ಈ ಸಲ ಪಿಸುಗುಟ್ಟದೆ,
ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾದರೆ
ಜಗಳ ಅರ್ಧಕ್ಕೇ ನಿಂತುಬಿಡುತ್ತದಂತೆ.

ಗಂಟೆ ಬಾರಿಸಿತು, ಹೋದರು.
ಮೇಜಿನ ಮೇಲೆ ವಜ್ರದ ಪಕ್ಕ ಒಂದು ಬನ್ನು ಉಳಿದಿತ್ತು.
ವಜ್ರ ಪೆಟ್ಟಿಗೆಗೆ ಹಾಕಿ
ಬನ್ನು ತಿಂದೆ.